ನಡುವೆ ಕೂತ ದಲ್ಲಾಳಿ

ಬೆಂಗಳೂರಿನ ಒಂದು ಕಾಲೇಜಿನಲ್ಲಿ ಸ್ಪ್ಯಾನಿಷ್, ಇಟಾಲಿಯನ್ ಕಲಿಯುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು ಇದು. ಬರೆಯುವಾಗ ಕೆಲವು ಜೋಕು ತೆಗೆದಿದ್ದೇನೆ. ಅವತ್ತು ಮರೆತುಹೋದ ಒಂದೆರಡು ವಿಷಯ ಸೇರಿಸಿದ್ದೇನೆ.

ಮೊದಲು ಒಂದು ಪ್ರಶ್ನೆ. ಫೋನ್ ಎತ್ತಿ ಏನು ಹೇಳುತ್ತೀರಿ? "ಹಲೋ" ಅಂತ ಎಲ್ಲರೂ ಒಟ್ಟಿಗೆ ಕೂಗಿದಿರಿ. ಆದರೆ ಗೊತ್ತಿರುವವರ ನಂಬರ್ ಆದರೆ ಎಷ್ಟೋ ಸಲ ಹಲೋ ಕೂಡ ಇರಲ್ಲ, ನೇರವಾಗಿ "ಹಾಂ, ಹೇಳಿ". ಸ್ಪೇನಿನಲ್ಲಿ ಫೋನ್ ಎತ್ತಿದವರು ಹೇಳುವುದೂ ಅದನ್ನೇ. "ದೀಗಾ" ಅಂದರೆ "ಹೇಳಿ". "ದೀಗಮೆ" ಅಂದರೆ "ನನಗೆ ಹೇಳಿ". ಗಮನಿಸಿ, "ಹೇಳು" ಅಲ್ಲ, "ಹೇಳಿ". ಆ ಕಡೆ ಯಾರಿದ್ದಾರೋ ಗೊತ್ತಿಲ್ಲವಲ್ಲ, ಅದಕ್ಕೇ ಮರ್ಯಾದೆ.

ಈಗ ಇದನ್ನು ಇಂಗ್ಲಿಷಿಗೆ ಹಾಕಿ. "ಟೆಲ್ ಮಿ." ಲಂಡನ್ನಿನಲ್ಲಿ ಫೋನ್ ಎತ್ತಿ ಹೀಗೆ ಅಂದು ನೋಡಿ. ಫೋನ್ ಮಾಡಿದವರು ತಮ್ಮಿಂದ ಏನು ತಪ್ಪಾಯಿತೋ ಅಂದುಕೊಳ್ಳುತ್ತಾರೆ. ಇಟಲಿಯಲ್ಲಿ "ಪ್ರೊಂತೊ" ಅನ್ನುತ್ತಾರೆ, ಅಂದರೆ "ರೆಡಿ". ಮೆಕ್ಸಿಕೊದಲ್ಲಿ "ಬ್ವೆನೊ", ಅಂದರೆ "ಒಳ್ಳೆಯದು". ಇಟಲಿಯ ಈ "ಪ್ರೊಂತೊ" ಸ್ಪ್ಯಾನಿಷಿನಲ್ಲೂ ಇದೆ. ಅಲ್ಲಿ ಅದಕ್ಕೆ "ಬೇಗ" ಅಂತ ಅರ್ಥ.

ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸ ಇಂಥದ್ದೇ. ಅನುವಾದ ಮಾಡ್ತೀನಿ ಅಂದ ಕೂಡಲೇ ಜನ "ಯಾವ ಕಾದಂಬರಿ?" ಅಂತ ಕೇಳುತ್ತಾರೆ. ಕಾದಂಬರಿ ಇಲ್ಲ, ಕವನವೂ ಇಲ್ಲ. ಮೊಬೈಲ್ ಆ್ಯಪ್‌ಗಳಲ್ಲಿ ಬಟನ್ ಮೇಲೆ ಒಂದೆರಡು ಪದ ಇರುತ್ತದಲ್ಲ, ಅದು ನನ್ನ ಕೆಲಸ. ಒಂದು ಎಕ್ಸೆಲ್ ಶೀಟ್ ಬರುತ್ತದೆ. ಎಡಗಡೆ ಇಂಗ್ಲಿಷ್ ಕಾಲಂ. ಪಕ್ಕದಲ್ಲಿ ಸ್ಪ್ಯಾನಿಷಿಗೊಂದು, ಇಟಾಲಿಯನ್ನಿಗೊಂದು ಖಾಲಿ ಕಾಲಂ. ನೂರಾರು ಸಾಲು. ಸಾಲುಗಳಿಗೆ ಹಿಂದೂ ಇಲ್ಲ, ಮುಂದೂ ಇಲ್ಲ. ಯಾವ ಸ್ಕ್ರೀನಿನಲ್ಲಿ ಬರುತ್ತದೆ, ಯಾರು ಯಾರಿಗೆ ಹೇಳುತ್ತಿದ್ದಾರೆ, ಏನೂ ಗೊತ್ತಾಗಲ್ಲ.

ಶುರುವಿನ ದಿನಗಳಲ್ಲಿ ಕಾರ್ ಪಾರ್ಕಿಂಗ್ ಆ್ಯಪ್ ಒಂದು ಬಂತು. ಯಾರದ್ದು ಅನ್ನುವುದು ಬೇಡ. ಒಂದು ಸಾಲಿನಲ್ಲಿ ಬರೀ "ಫ್ರೀ" ಅಂತ ಇತ್ತು. ನಾನು ಸ್ಪ್ಯಾನಿಷಿನಲ್ಲಿ "ಗ್ರಾತಿಸ್" ಅಂತ ಹಾಕಿದೆ, ಇಟಾಲಿಯನ್ನಿನಲ್ಲೂ "ಗ್ರಾತಿಸ್" ಹಾಕಿದೆ. ಎರಡು ಭಾಷೆಗೂ ಒಂದೇ ಪದ, ಎರಡು ಸೆಕೆಂಡಿನ ಕೆಲಸ. ಅದು ಪುಕ್ಕಟೆ ಅನ್ನುವ ಫ್ರೀ ಅಲ್ಲ, ಜಾಗ ಖಾಲಿ ಇದೆ ಅನ್ನುವ ಫ್ರೀ. ಸ್ಪೇನಿನ ಟೆಸ್ಟರ್ ಒಬ್ಬ ಹಿಡಿದುಕೊಟ್ಟ. ಇಲ್ಲದಿದ್ದರೆ ಆ ಊರಿನ ಜನರೆಲ್ಲ ಪುಕ್ಕಟೆ ಅಂತ ಕಾರು ನಿಲ್ಲಿಸಿ ದಂಡ ಕಟ್ಟಬೇಕಾಗಿತ್ತು.

ನಾಚಿಕೆ ಆಯಿತು, ಸರಿ. ಆದರೆ ಆಮೇಲೆ ಯೋಚಿಸಿದೆ. ಸ್ಪ್ಯಾನಿಷಿನಲ್ಲಿ ಪುಕ್ಕಟೆಗೆ "ಗ್ರಾತಿಸ್", ಖಾಲಿಗೆ "ಲೀಬ್ರೆ". ಇಟಾಲಿಯನ್ನಿನಲ್ಲಿ "ಗ್ರಾತಿಸ್" ಮತ್ತು "ಲೀಬೆರೊ". ಕನ್ನಡದಲ್ಲೂ ಎರಡೂ ಬೇರೆ ಬೇರೆ. ಗೊಂದಲ ಇದ್ದದ್ದು ಒಂದೇ ಕಡೆ, ಇಂಗ್ಲಿಷಿನಲ್ಲಿ. ಸ್ಪ್ಯಾನಿಷಿನಿಂದ ಇಟಾಲಿಯನ್ನಿಗೆ ನೇರ ಹೋಗಿದ್ದರೆ ಈ ತಪ್ಪು ಮಾಡಬೇಕು ಅಂದರೂ ಆಗುತ್ತಿರಲಿಲ್ಲ. ನಡುವೆ ಒಬ್ಬ ದಲ್ಲಾಳಿ ಕೂತಿದ್ದ, ಅವನು ಕಮಿಷನ್ ಹೊಡೆದ.

ದಲ್ಲಾಳಿ ಅಂದೆ ಅಂತ ಇಂಗ್ಲಿಷಿನ ಮೇಲೆ ನನಗೇನೂ ಸಿಟ್ಟಿಲ್ಲ. ಅನ್ನ ಕೊಡುವ ಭಾಷೆ. ಆದರೆ ನೀವೂ ನಾನೂ ಸ್ಪ್ಯಾನಿಷ್ ಕಲಿಯುವುದು ಇಂಗ್ಲಿಷ್ ಪುಸ್ತಕದಿಂದ, ಇಟಾಲಿಯನ್ ಕಲಿಯುವುದೂ ಇಂಗ್ಲಿಷ್ ಪುಸ್ತಕದಿಂದ. ಮಷೀನ್ ಅನುವಾದದಲ್ಲೂ ಎಷ್ಟೋ ಭಾಷೆಗಳ ನಡುವೆ ಬಹಳ ಕಾಲ ಇದೇ ಪದ್ಧತಿ ಇತ್ತು. ಒಂದು ಭಾಷೆಯಿಂದ ಇಂಗ್ಲಿಷಿಗೆ, ಅಲ್ಲಿಂದ ಇನ್ನೊಂದಕ್ಕೆ. ಹೋಗುವಾಗ ಬರುವಾಗ ಏನು ಉದುರಿಹೋಗುತ್ತದೆ ಅಂತ ನೋಡಬೇಕು. ಉದುರುವ ಸಾಮಾನೆಲ್ಲ ನಮ್ಮ ಮನೆಯಲ್ಲಿ ಮೊದಲೇ ಇರುವಂಥದ್ದು.

ಮೊದಲು ಉದುರುವುದು ಮರ್ಯಾದೆ. ಸ್ಪ್ಯಾನಿಷಿನಲ್ಲಿ "ತೂ" ಅಂದರೆ ನೀನು, "ಉಸ್ತೇದ್" ಅಂದರೆ ನೀವು. ಇಟಾಲಿಯನ್ನಿನಲ್ಲಿ "ತು" ಮತ್ತು "ಲೇಯಿ". ಇಂಗ್ಲಿಷಿನಲ್ಲಿ ನಾಯಿಗೂ "ಯು", ರಾಜನಿಗೂ "ಯು". ಆಸ್ಪತ್ರೆಯಲ್ಲಿ ನರ್ಸ್ ಒಬ್ಬಳು ವಯಸ್ಸಾದ ಹೆಂಗಸನ್ನು "ಕೋಮೊ ಎಸ್ತಾ ಉಸ್ತೇದ್?" ಅಂತ ಕೇಳುತ್ತಾಳೆ ಅಂದುಕೊಳ್ಳಿ. ಹೇಗಿದ್ದೀರಿ ಅಂತ. ಇಂಗ್ಲಿಷಿಗೆ ಹೋದರೆ "ಹೌ ಆರ್ ಯು". ಅಲ್ಲಿಂದ ಇಟಾಲಿಯನ್ನಿಗೆ ತಂದವರು "ಕೋಮೆ ಸ್ತಾಯ್?" ಅಂತ ಇಳಿಸಿಬಿಡುತ್ತಾರೆ. ಅಂದರೆ "ಹೇಗಿದ್ದೀಯಾ?" ಅಜ್ಜಿ ಮುಖ ತಿರುಗಿಸಿಕೊಂಡರೆ ತಪ್ಪು ಯಾರದ್ದು? "ಕೋಮೆ ಸ್ತಾ?" ಅನ್ನಬೇಕಿತ್ತು. ಒಂದು "ಯ್" ಜಾಸ್ತಿ ಆಯಿತು ಅಷ್ಟೇ.

ಈ "ಲೇಯಿ" ಬಗ್ಗೆ ಒಂದು ಮಾತು. ಅದರ ನೇರ ಅರ್ಥ "ಅವಳು". ಎದುರಿಗೆ ಗಂಡಸೇ ಇರಲಿ, ಮರ್ಯಾದೆ ಕೊಡಬೇಕಾದರೆ "ಅವಳು ಹೇಗಿದ್ದಾಳೆ?" ಅಂತ ಕೇಳಬೇಕು. ಹಿಂದೆ "ತಮ್ಮ ಪ್ರಭುತ್ವ" ಅನ್ನುವ ಥರದ ಪದ ಬಳಸುತ್ತಿದ್ದರು. ಆ ಪದ ಸ್ತ್ರೀಲಿಂಗ, ಅದಕ್ಕೇ "ಅವಳು". ಸ್ಪ್ಯಾನಿಷಿನ "ಉಸ್ತೇದ್" ಕೂಡ "ತಮ್ಮ ಕೃಪೆ" ಅನ್ನುವ ಉದ್ದನೆಯ ಮಾತು ಸವೆದು ಸವೆದು ಆದದ್ದು. 1938ರಲ್ಲಿ ಮುಸೊಲಿನಿಯ ಸರ್ಕಾರ "ಲೇಯಿ ಬೇಡ, ವೋಯಿ ಅನ್ನಿ" ಅಂತ ಹುಕುಂ ಹೊರಡಿಸಿತು. "ವೋಯಿ" ಅಂದರೆ ಬಹುವಚನದ "ನೀವು". ಮುಸೊಲಿನಿ ಹೋದ, ಲೇಯಿ ಉಳಿಯಿತು. ದಕ್ಷಿಣ ಇಟಲಿಯಲ್ಲಿ "ವೋಯಿ" ಇನ್ನೂ ಕಿವಿಗೆ ಬೀಳುತ್ತದೆ, ಆದರೆ ಅದು ಹುಕುಮಿನಿಂದ ಅಲ್ಲ, ಅಲ್ಲಿನ ಹಳೆ ರೂಢಿಯಿಂದ.

ಹಾಗಂತ ಉಸ್ತೇದ್ ಬಂದಲ್ಲೆಲ್ಲ ದೂರ ಇದೆ ಅಂದುಕೊಳ್ಳಬೇಡಿ. ಕೊಲಂಬಿಯಾದ ಬೊಗೋಟಾ ಕಡೆ ಗಂಡ ಹೆಂಡತಿ ನಡುವೆಯೂ ಉಸ್ತೇದ್ ನಡೆಯುತ್ತದೆ. ಧಾರವಾಡದ ಕಡೆಯವರು ಇಲ್ಲಿ ಯಾರಾದರೂ ಇದ್ದರೆ ಅವರಿಗೆ ಇದು ಬಿಡಿಸಿ ಹೇಳಬೇಕಿಲ್ಲ ಬಿಡ್ರಿ.

ಇನ್ನು "ನನಗೆ ಕಾಫಿ ಇಷ್ಟ". ಇದಕ್ಕೆ ಸ್ಪ್ಯಾನಿಷಿನಲ್ಲಿ "ಮೆ ಗುಸ್ತಾ ಎಲ್ ಕಫೇ", ಇಟಾಲಿಯನ್ನಿನಲ್ಲಿ "ಮಿ ಪ್ಯಾಚೆ ಇಲ್ ಕಫ್ಫೆ". ನಿಮ್ಮ ಪಠ್ಯಪುಸ್ತಕದಲ್ಲಿ ಇದಕ್ಕೇ ಒಂದು ಪಾಠ ಇದೆ ಅಲ್ವಾ? "ಇದು ಉಲ್ಟಾ ಕ್ರಿಯಾಪದ, ಐ ಲೈಕ್ ಅನ್ನೋದನ್ನ ತಿರುಗಿಸಿ ಕಾಫಿ ನನಗೆ ಹಿತವಾಗುತ್ತದೆ ಅಂತ ಯೋಚಿಸಿ" ಅಂತ. ನಾನೂ ಹಾಗೇ ಕಲಿತೆ. ಮೂರು ವಾರ ತಲೆ ಕೆಡಿಸಿಕೊಂಡು "ಯೊ ಗುಸ್ತೊ" ಅಂತ ತಪ್ಪು ಬರೆಯುತ್ತಿದ್ದೆ. ಒಂದು ದಿನ ಬಸ್ಸಿನಲ್ಲಿ ಕೂತಿದ್ದಾಗ ಹೊಳೆಯಿತು. "ಮೆ" ಅಂದರೆ "ನನಗೆ". ಉಲ್ಟಾ ಎಲ್ಲಿ ಬಂತು? ನನಗೆ, ಕಾಫಿ, ಇಷ್ಟ. ನಾವು ಹುಟ್ಟಿದಾಗಿನಿಂದ ಹೀಗೇ ಮಾತಾಡಿದ್ದೇವೆ. "ನಾನು ಕಾಫಿಯನ್ನು ಇಷ್ಟಪಡುತ್ತೇನೆ" ಅಂತ ಮನೆಯಲ್ಲಿ ಅಂದರೆ ಅಮ್ಮ ಹಣೆ ಮುಟ್ಟಿ ಜ್ವರ ನೋಡುತ್ತಾರೆ. ಬಾಗಿಲು ತೆರೆದೇ ಇತ್ತು. ನಾವು ಇಂಗ್ಲಿಷಿನ ಕಿಟಕಿಯಿಂದ ನುಗ್ಗಲು ಒದ್ದಾಡುತ್ತಿದ್ದೆವು.

"ನನಗೆ ನೋವಾಗ್ತಿದೆ", "ನನಗೆ ಹಾಗನ್ನಿಸುತ್ತೆ", ಇವಕ್ಕೂ ಇದೇ ದಾರಿ. ಆದರೆ ಎಲ್ಲ ಕಡೆ ನಡೆಯಲ್ಲ, ಹುಷಾರು. ಹಸಿವು, ಚಳಿ, ವಯಸ್ಸು ಅವರಲ್ಲಿ "ಇರುವ" ವಸ್ತುಗಳು, ಜೇಬಿನಲ್ಲಿ ದುಡ್ಡು ಇರುವ ಹಾಗೆ. "ತೆಂಗೊ ಆಂಬ್ರೆ", "ಓ ಫಾಮೆ", ಎರಡರಲ್ಲೂ "ನಾನು ಹಸಿವು ಇಟ್ಟುಕೊಂಡಿದ್ದೇನೆ". ವಯಸ್ಸು ಹೇಳುವಾಗ ಸ್ಪ್ಯಾನಿಷಿನ "ಆನ್ಯೊಸ್" ಅನ್ನುವಲ್ಲಿ "ನ್ಯ" ಸರಿಯಾಗಿ ಬರಬೇಕು. ಬರೀ "ನ" ಅಂದರೆ ಇಷ್ಟು ವರ್ಷ ಅನ್ನುವ ಬದಲು ಕೂರುವ ಜಾಗದ ಲೆಕ್ಕ ಕೊಟ್ಟ ಹಾಗಾಗುತ್ತದೆ. ಇಟಾಲಿಯನ್ನಿನಲ್ಲಿ "ಆನ್ನಿ" ಅನ್ನುವಾಗ ಒತ್ತು ಬಿಟ್ಟರೂ ಅದೇ ಗತಿ. ಒತ್ತಕ್ಷರದ ಬೆಲೆ ನಮಗೆ ಗೊತ್ತಿಲ್ಲವೇ? ಒಂದು ಒತ್ತು ಜಾಸ್ತಿ ಆದರೆ ಕತೆ ಹೋಗಿ ಕತ್ತೆ ಆಗುತ್ತದೆ.

ಕತ್ತೆ ಅಂದಾಗ ನೆನಪಾಯಿತು. ಸ್ಪೇನಿನ ಸಲಮಾಂಕಾದಲ್ಲಿ ಕೆಲವು ತಿಂಗಳು ಭಾಷೆ ಕಲಿಯಲು ಹೋಗಿದ್ದೆ. ಅರವತ್ತು ದಾಟಿದ ಒಬ್ಬ ಹೆಂಗಸಿನ ಮನೆಯಲ್ಲಿ ಒಂದು ರೂಮು. ಪಕ್ಕದ ರೂಮಿನಲ್ಲಿ ಬೊಲೋನ್ಯಾದಿಂದ ಬಂದ ಇಟಾಲಿಯನ್ ಹುಡುಗಿ. ಆಕೆಗೆ ಸ್ಪ್ಯಾನಿಷ್ ಅಷ್ಟಕ್ಕಷ್ಟೆ, ಮನೆಯಾಕೆಗೆ ಇಟಾಲಿಯನ್ ಬಾರದು. ಆದರೂ ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ನಿಧಾನವಾಗಿ ಮಾತಾಡಿಕೊಂಡು ಮುಕ್ಕಾಲು ಪಾಲು ನಿಭಾಯಿಸುತ್ತಿದ್ದರು. ಎರಡೂ ಲ್ಯಾಟಿನ್ನಿನ ಮಕ್ಕಳು ತಾನೇ. ತಾಪತ್ರಯ ಎಲ್ಲ ಉಳಿದ ಕಾಲು ಪಾಲಿನಲ್ಲಿ. ಒಂದು ದಿನ ಬೆಳಗ್ಗೆ ಬ್ರೆಡ್ ಕೈಯಲ್ಲಿ ಹಿಡಿದು ಹುಡುಗಿ "ಬುರ್ರೊ" ಇದೆಯಾ ಅಂದಳು. ಇಟಲಿಯಲ್ಲಿ ಅದು ಬೆಣ್ಣೆ. ಸ್ಪೇನಿನಲ್ಲಿ ಕತ್ತೆ. ಮನೆಯಾಕೆ ಬ್ರೆಡ್ಡನ್ನೂ ಅವಳನ್ನೂ ನೋಡಿ, ಇಲ್ಲಮ್ಮ, ನಾನು ಮೂರನೇ ಮಹಡಿಯಲ್ಲಿರೋದು ಅಂದರು.

ಎಣ್ಣೆಯ ಕತೆ ಇನ್ನೂ ಚೆನ್ನಾಗಿದೆ. ಇಟಲಿಯ "ಅಚೇತೊ" ಅಂದರೆ ವಿನೆಗರ್. ಸ್ಪೇನಿನ "ಅಥೇಯ್ತೆ" ಅಂದರೆ ಎಣ್ಣೆ. ಮೊದಲನೆಯದು ಲ್ಯಾಟಿನ್ನಿನಿಂದ ಬಂದದ್ದು, ಎರಡನೆಯದು ಅರಬ್ಬಿಯಿಂದ. ಸಂಬಂಧವೇ ಇಲ್ಲ, ಕಿವಿಗೆ ಮಾತ್ರ ಅಕ್ಕ ತಂಗಿ. ಸಲಾಡಿಗೆ ಆಗಲೇ ಎಣ್ಣೆ ಹಾಕಿದ್ದ ಹುಡುಗಿ ಅಚೇತೊ ಕೇಳಿದಳು. ಮನೆಯಾಕೆ ಇನ್ನೊಂದು ಬಾಟಲಿ ಎಣ್ಣೆ ಕೊಟ್ಟರು. ಇವಳು ಮತ್ತೆ ಕೇಳಿದಳು. ಅವರು ಇನ್ನೂ ಒಳ್ಳೆಯ ಎಣ್ಣೆ ತೆಗೆದರು. ನಾನು ಸುಮ್ನೆ ನೋಡುತ್ತಾ ನಿಂತಿದ್ದೆ. ಕೊನೆಗೆ ಹುಡುಗಿ ನಿಂಬೆಹಣ್ಣು ತಿಂದವರ ಮುಖ ಮಾಡಿ ತೋರಿಸಿದ ಮೇಲೆ ವಿನೆಗರ್ ಹೊರಗೆ ಬಂತು. ನೋಡಿ, ಇಲ್ಲಿ ದಲ್ಲಾಳಿ ಇರಲಿಲ್ಲ, ಆದರೂ ಎಡವಿದರು. ನೇರ ದಾರಿಯಲ್ಲೂ ಗುಂಡಿ ಇರುತ್ತದೆ.

ಹೋಟೆಲಿಗೆ ಬರೋಣ. ಬಾರ್ ಕೌಂಟರಿನಲ್ಲಿ ಸ್ಪೇನಿನವರು "ಮೆ ಪೊನೆಸ್ ಉನ್ ಕಫೇ?" ಅನ್ನುತ್ತಾರೆ. ಪದ ಪದ ಬಿಡಿಸಿದರೆ "ನನಗೊಂದು ಕಾಫಿ ಹಾಕ್ತೀಯಾ?" ಇಂಗ್ಲಿಷ್ ಪುಸ್ತಕ ಓದಿಕೊಂಡು ಹೋದ ನಾನು "ಒಂದು ಕಾಫಿಯನ್ನು ಹೊಂದಬಹುದೇ, ದಯವಿಟ್ಟು" ಅನ್ನುವ ಥರ ಕೇಳಿದ್ದೆ. ವ್ಯಾಕರಣದಲ್ಲಿ ತಪ್ಪಿಲ್ಲ. ಕಾಫಿಯೂ ಸಿಕ್ಕಿತು. ಆದರೆ ಕೌಂಟರಿನವನು ಇಂಗ್ಲಿಷ್ ಮೆನು ಎತ್ತಿ ಕೊಟ್ಟ. ನಮ್ಮ ದರ್ಶಿನಿಯಲ್ಲಿ "ಎರಡು ಮಸಾಲೆ ಹಾಕಿ" ಅಂತೀವಲ್ಲ, ಅಲ್ಲಿ "ದಯವಿಟ್ಟು" ಎಲ್ಲಿದೆ? "ಹಾಕಿ" ಅನ್ನುವುದರ ಕೊನೆಯ "ಇ"ಯಲ್ಲೇ ಇದೆ. ಬಾಯಿಬಿಟ್ಟು ದಯವಿಟ್ಟು ಅಂದರೆ ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಆಗುತ್ತದೆ. ಇಟಲಿಯಲ್ಲಿ "ಪ್ರೆಂದೊ ಉನ್ ಕಫ್ಫೆ" ಅಂದರೆ ಸಾಕು, "ಒಂದು ಕಾಫಿ ತಗೋತೀನಿ". ಅಂದಹಾಗೆ, ಅಲ್ಲಿ "ಲಾತ್ತೆ" ಅಂತ ಕೇಳಬೇಡಿ. ಒಂದು ಲೋಟ ಹಾಲು ಬರುತ್ತದೆ.

ಇಟಲಿಯ ಒಂದು ಪದಕ್ಕೆ ನನಗೆ ಹೊಟ್ಟೆಕಿಚ್ಚು. "ಪ್ರೇಗೊ". ಬೇಕರಿಯೊಳಗೆ ಕಾಲಿಡುವಾಗ ಎದುರಿನವರು ಬಾಗಿಲು ಹಿಡಿದು "ಪ್ರೇಗೊ" ಅನ್ನುತ್ತಾರೆ, ಅಂದರೆ "ಬನ್ನಿ, ನೀವು ಮೊದಲು". ಕೌಂಟರಿನಲ್ಲಿ ನಮ್ಮ ಸರದಿ ಬಂದಾಗ "ಪ್ರೇಗೊ", "ಹೇಳಿ, ಏನು ಕೊಡಲಿ". ಗ್ರಾತ್ಸಿಯೆ ಅಂತ ಥ್ಯಾಂಕ್ಸ್ ಹೇಳಿದರೆ ಮತ್ತೆ "ಪ್ರೇಗೊ", "ಅಯ್ಯೋ ಪರವಾಗಿಲ್ಲ". ಖಾಲಿ ಕುರ್ಚಿ ತೋರಿಸಿ "ಪ್ರೇಗೊ", "ಕೂತ್ಕೊಳ್ಳಿ". ಸ್ಪ್ಯಾನಿಷಿನಲ್ಲಿ ಇದಕ್ಕೆಲ್ಲ ಬೇರೆ ಬೇರೆ ಮಾತು ಬೇಕು. ಪಾಸೆ, ದೀಗಮೆ, ದೆ ನಾದಾ, ಸ್ಯೆಂತೆಸೆ. ಶೀಟಿನಲ್ಲಿ ಒಂಟಿ "ಪ್ರೇಗೊ" ಬಂದರೆ ನಾನು ಕೈ ಕಟ್ಟಿ ಕೂರುತ್ತೇನೆ. ಬಾಗಿಲೋ, ಕೌಂಟರೋ, ಕುರ್ಚಿಯೋ ಮೊದಲು ಹೇಳಿ ಅಂತ ಮೇಲ್ ಮಾಡುತ್ತೇನೆ.

ಬಸ್ಸಿನ ಮಾತೂ ಹೇಳಿಬಿಡುತ್ತೇನೆ. ಇಟಲಿಯ ಸಿಟಿ ಬಸ್ಸಿನಲ್ಲಿ ಹಿಂದಿನಿಂದ ಯಾರೋ "ಶೆಂದೆ?" ಅಂದರು. "ಇಳೀತೀರಾ?" ನಾನು ಇಳಿಯುತ್ತೇನೋ ಇಲ್ಲವೋ ತಿಳಿದು ಅವರಿಗೇನಾಗಬೇಕು? ಇಂಗ್ಲಿಷ್ ಪ್ರವಾಸಿಯಾದರೆ ಹಾಗೆ ಅಂದುಕೊಳ್ಳುತ್ತಿದ್ದ. ನಾನು ಒಂದು ಮಾತೂ ಆಡದೆ ಪಕ್ಕಕ್ಕೆ ಜರುಗಿದೆ. ಮೆಜೆಸ್ಟಿಕ್ ಬಸ್ಸಿನಲ್ಲಿ ಬೆಳೆದವಳಿಗೆ ಅದರ ಅರ್ಥ ಹೇಳಿಕೊಡಬೇಕಾ!

ರಾತ್ರಿಯ ನಮಸ್ಕಾರದಲ್ಲಿ ಅಣ್ಣ ತಮ್ಮಂದಿರೂ ಬೇರೆಯಾಗುತ್ತಾರೆ. ಸ್ಪ್ಯಾನಿಷಿನ "ಬ್ವೇನಾಸ್ ನೋಚೆಸ್" ರಾತ್ರಿ ಮನೆಗೆ ಬಂದವರೂ ಹೇಳಬಹುದು, ಹೊರಟವರೂ ಹೇಳಬಹುದು. ಇಟಾಲಿಯನ್ನಿನ "ಬ್ವೊನಾನೊತ್ತೆ" ಇಂಗ್ಲಿಷಿನ "ಗುಡ್ ನೈಟ್" ಥರ, ಬೀಳ್ಕೊಡುವಾಗ ಮಾತ್ರ. ರಾತ್ರಿ ಒಂಬತ್ತಕ್ಕೆ ಹೋಟೆಲಿನೊಳಗೆ ಹೋಗುತ್ತಾ ಬ್ವೊನಾನೊತ್ತೆ ಅಂದರೆ, ಈಗ ತಾನೇ ಬಂದಿರಿ, ಆಗಲೇ ಮಲಗ್ತೀರಾ ಅನ್ನುವ ಹಾಗೆ ನೋಡುತ್ತಾರೆ.

ಈಗ ಪ್ರೀತಿ. ಮುಂದಿನ ಬೆಂಚಿನವರು ನೆಟ್ಟಗೆ ಕೂತಿರಿ, ಸಂತೋಷ. ಸ್ಪ್ಯಾನಿಷಿನಲ್ಲಿ "ತೆ ಕ್ಯೆರೊ". ಅಕ್ಷರಕ್ಕೆ ಅಕ್ಷರ ಇಟ್ಟರೆ "ನೀನು ಬೇಕು ನನಗೆ". ಇದನ್ನು ಅಮ್ಮ ಮಗನಿಗೆ ಹೇಳುತ್ತಾಳೆ, ಗೆಳತಿ ಗೆಳತಿಗೆ ಹೇಳುತ್ತಾಳೆ, ಪ್ರೇಮಿಗಳೂ ಹೇಳುತ್ತಾರೆ. "ತೆ ಆಮೊ" ಅನ್ನುವುದು ಇನ್ನೂ ಭಾರ. ಇಟಾಲಿಯನ್ನಿನಲ್ಲಿ ಗೆರೆ ಇನ್ನೂ ದಪ್ಪ. "ತಿ ಆಮೊ" ಸಾಮಾನ್ಯವಾಗಿ ಪ್ರೇಮಿಗಳಿಗೆ, ಗಂಡ ಹೆಂಡತಿಗೆ. ಅಮ್ಮ, ಮಗ, ತಂಗಿ, ಸ್ನೇಹಿತೆ ಇವರಿಗೆಲ್ಲ "ತಿ ವೋಲ್ಯೊ ಬೇನೆ". "ನಿನಗೆ ಒಳ್ಳೇದಾಗಲಿ ಅಂತ ಬಯಸ್ತೀನಿ" ಅನ್ನುವ ಹಾಗೆ. ಮೆಸೇಜಿನಲ್ಲಿ ಮೂರೇ ಅಕ್ಷರ, ಟಿ ವಿ ಬಿ. ಬೊಲೋನ್ಯಾ ಹುಡುಗಿ ದಿನಾ ರಾತ್ರಿ ಫೋನಿನಲ್ಲಿ ಅಮ್ಮನಿಗೆ ಇದನ್ನು ಹೇಳದೆ ಮಲಗುತ್ತಿರಲಿಲ್ಲ.

ಈಗ ದಲ್ಲಾಳಿಯನ್ನು ಕರೆಯಿರಿ. ಸ್ಪೇನಿನ ತಾಯಿ ಮಗನಿಗೆ "ತೆ ಕ್ಯೆರೊ" ಬರೆದಳು. ಇಂಗ್ಲಿಷಿನಲ್ಲಿ "ಐ ಲವ್ ಯು" ಆಯಿತು. ಅದನ್ನು ಇಟಾಲಿಯನ್ನಿಗೆ ತಂದವನು "ತಿ ಆಮೊ" ಅಂತ ಬರೆದ. ಅಮ್ಮನ ಪ್ರೀತಿ ಹೊರಟದ್ದು ಒಂದು ಕಡೆ, ತಲುಪಿದ್ದು ಇನ್ನೊಂದು ಕಡೆ. ಒಂದು ಶುಭಾಶಯ ಪತ್ರದ ಕೆಲಸದಲ್ಲಿ ಬೇರೆಯವರು ಮಾಡಿದ್ದನ್ನು ತಿದ್ದುವಾಗ ಇದೇ ತಪ್ಪು ಕಂಡಿದ್ದೇನೆ. ತಾಯಂದಿರ ದಿನದ ಕಾರ್ಡು ಬೇರೆ! ನಮ್ಮ ಮನೆಗಳಲ್ಲಿ ಈ ತಾಪತ್ರಯ ಇಲ್ಲ. ಹೇಳುವುದೇ ಇಲ್ಲವಲ್ಲ.

ಕೆಲಸದ ಒಂದು ಗುಟ್ಟು ಹೇಳಿ ಮುಂದೆ ಹೋಗುತ್ತೇನೆ. "ವೆಲ್‌ಕಮ್" ಅನ್ನುವ ಒಂದು ಪದ ನಮ್ಮನ್ನು ಎಷ್ಟು ಕಾಡುತ್ತದೆ ಗೊತ್ತಾ? ಬಂದವನು ಗಂಡಸಾದರೆ ಸ್ಪ್ಯಾನಿಷಿನಲ್ಲಿ "ಬ್ಯೆನ್ವೆನೀದೊ", ಹೆಂಗಸಾದರೆ "ಬ್ಯೆನ್ವೆನೀದಾ". ಇಟಾಲಿಯನ್ನಿನಲ್ಲಿ "ಬೆನ್ವೆನೂತೊ", "ಬೆನ್ವೆನೂತಾ". ಆ್ಯಪ್ ತೆರೆದವರು ಯಾರು ಅಂತ ಫೋನಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ನಾವು ಬಳಸು ದಾರಿ ಹಿಡಿಯುತ್ತೇವೆ. "ತೆ ದಾಮೊಸ್ ಲಾ ಬ್ಯೆನ್ವೆನೀದಾ", "ನಿನಗೆ ಸ್ವಾಗತ ಕೊಡುತ್ತೇವೆ". ಲಿಂಗದ ಗೋಜು ತಪ್ಪಿತು. ಆದರೆ ಒಂದು ಪದ ಇದ್ದಲ್ಲಿ ನಾಲ್ಕು ಪದ ಆಯಿತು, ಬಟನ್ನಿನಿಂದ ಹೊರಗೆ ಚಾಚಿಕೊಂಡಿತು, ಡಿಸೈನ್ ಮಾಡಿದವರು ಮುನಿಸಿಕೊಂಡರು. ಕನ್ನಡದ "ಸ್ವಾಗತ" ನೋಡಿ, ಗಂಡೂ ಇಲ್ಲ, ಹೆಣ್ಣೂ ಇಲ್ಲ.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬ ಹುಡುಗ ಕೇಳಿದ, "ಮೇಡಂ, ಗೂಗಲ್ ಟ್ರಾನ್ಸ್‌ಲೇಟ್ ಇರುವಾಗ ಇಷ್ಟೆಲ್ಲ ಯಾಕೆ?" ಒಳ್ಳೆಯ ಪ್ರಶ್ನೆ. 2006ರಲ್ಲಿ ಅದು ಶುರುವಾದಾಗ ಇದ್ದದ್ದಕ್ಕೂ ಈಗಿನದಕ್ಕೂ ಹೋಲಿಕೆಯೇ ಇಲ್ಲ. ನಾನೂ ಬಳಸುತ್ತೇನೆ. ಆದರೆ ಅದಕ್ಕೆ ಒಂಟಿ ಪದ ಕೊಡಬೇಡಿ. "ಫ್ರೀ" ಅಂತ ಕೊಟ್ಟರೆ ಅದೂ ನನ್ನ ಹಾಗೇ ಪಾರ್ಕಿಂಗ್ ಪುಕ್ಕಟೆ ಮಾಡೀತು. "ಈ ಜಾಗ ಖಾಲಿ ಇದೆಯಾ?" ಅಂತ ಇಡೀ ವಾಕ್ಯ ಕೊಡಿ.

ಕೊನೆಗೆ ಹಿಂದಿನ ಸಾಲಿನ ಒಬ್ಬಳು ಎದ್ದು ನಿಂತಳು. "ಮೇಡಂ, ನಮ್ಮ 'ಬರ್ತೀನಿ'ಗೆ ಸ್ಪ್ಯಾನಿಷಿನಲ್ಲಿ ಏನು ಹೇಳೋದು?"

ಇದನ್ನು ನಾನು ಸಲಮಾಂಕಾದಲ್ಲಿ ಮೊದಲ ವಾರವೇ ಕಲಿತೆ. ಹೊರಡುವಾಗ "ಹೋಗ್ತೀನಿ" ಅನ್ನಬಾರದು, "ಬರ್ತೀನಿ" ಅನ್ನಬೇಕು ಅಂತ ಅಮ್ಮ ಬೆಳೆಸಿದ್ದರು. ಒಂದು ಸಂಜೆ ಗೆಳತಿಯ ಮನೆಗೆ ಹೊರಟೆ, ರಾತ್ರಿ ಅಲ್ಲೇ ಉಳಿಯುವ ಲೆಕ್ಕ. ಸುಮ್ನೆ ಹೋಗುವುದು ಹೇಗೆ ಅಂತ ಬಾಗಿಲಲ್ಲಿ ನಿಂತು, ತಲೆಯಲ್ಲಿ ಪದ ಜೋಡಿಸಿ, "ಆಓರಾ ವ್ವೆಲ್ವೊ" ಅಂದೆ. ಬರ್ತೀನಿ ಅಂದ ಹಾಗೆ. ಮನೆಯಾಕೆ ನಗುತ್ತಾ "ವಾಲೆ, ವಾಲೆ", ಸರಿ ಸರಿ, ಅಂದರು. ಆದರೆ "ಆಓರಾ" ಅಂದರೆ "ಈಗ", ನಾನಂದ ಮಾತಿನ ಅರ್ಥ "ಈಗ ವಾಪಸ್ ಬರ್ತೀನಿ" ಅಂತ. ಅಂದರೆ ಮೂಲೆ ಅಂಗಡಿಗೆ ಹೋಗಿ ಬ್ರೆಡ್ ತರುವವರು ಹೇಳುವ ಮಾತು. "ಆಸ್ತಾ ಮಾನ್ಯಾನಾ", ನಾಳೆ ನೋಡೋಣ ಅಂದಿದ್ದರೆ ಸ್ಪ್ಯಾನಿಷಿನಲ್ಲಿ ಸರಿಹೋಗುತ್ತಿತ್ತು.

ಮರುದಿನ ಬೆಳಗ್ಗೆ ಹತ್ತಕ್ಕೆ ಬಾಗಿಲು ತೆರೆದೆ. ಅಡುಗೆಮನೆಯ ಟೇಬಲ್ ಮೇಲೆ ಒಂದು ತಟ್ಟೆ, ಅದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿತ್ತು. ಒಳಗೆ ರಾತ್ರಿಯ ಆಲೂಗಡ್ಡೆ ಆಮ್ಲೆಟ್, ತಣ್ಣಗಾಗಿ ಗಟ್ಟಿಯಾಗಿತ್ತು. ಮನೆಯಾಕೆ ಕೋಣೆಯಿಂದ ಬಂದರು. ಗೋಡೆ ಗಡಿಯಾರ ನೋಡಿದರು, ನನ್ನನ್ನು ನೋಡಿದರು.

"ಆಓರಾ?" ಅಂದರು.